ಚಿಗವ್ವನನ್ನು ಐದು ನಿಮಿಷದಲ್ಲಿ ಹೇಳುವುದು

ಒಂದು ಪುಸ್ತಕವನ್ನು ಐದು ನಿಮಿಷದಲ್ಲಿ ಹೇಳಿ ಮುಗಿಸಬೇಕಿತ್ತು. ಗದಗಿನಲ್ಲಿ ನಡೆಯಲಿದ್ದ ಲೇಖಕರ ಸಮಾವೇಶದವರು ಹಾಗೆಂದೇ ತಿಳಿಸಿದ್ದರು. ಎರಡನೆಯ ದಿನ ಮಧ್ಯಾಹ್ನ ಪ್ರಕಾಶಕರು ಬಂದು ಕೂತಿರುತ್ತಾರೆ. ಇನ್ನೂ ಅಚ್ಚಾಗದ ಪುಸ್ತಕ ಕೈಯಲ್ಲಿರುವವರು ಒಬ್ಬೊಬ್ಬರಾಗಿ ಅವರ ಮುಂದೆ ಹೋಗಿ, ತಮ್ಮ ಪುಸ್ತಕ ಏನು, ಅದನ್ನು ಯಾಕೆ ಓದಬೇಕು ಎಂದು ಹೇಳಬೇಕು. ಹಿಡಿಸಿದರೆ ಅವರು ಪ್ರತಿ ಕೇಳುತ್ತಾರೆ.

ನಾನು ಗದಗಿನ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ದಿನವೂ ತರಗತಿಯ ಮುಂದೆ ಗಂಟಲು ಹರಿದುಕೊಳ್ಳುವವಳಿಗೆ ಐದು ನಿಮಿಷ ಯಾವ ಲೆಕ್ಕ ಎಂದುಕೊಂಡಿದ್ದೆ. ಹೇಳಲು ನಿಂತಾಗ ಗೊತ್ತಾಯಿತು, ಪ್ರಮೇಯ ಬಿಡಿಸುವುದೇ ಬೇರೆ, ನಮ್ಮ ಮನೆಯ ಮಾತನ್ನು ಪರರ ಮುಂದೆ ಆಡುವುದೇ ಬೇರೆ. ಮೊದಲ ವಾಕ್ಯದಲ್ಲೇ ಕೇಳುವವರನ್ನು ಹಿಡಿದು ನಿಲ್ಲಿಸಬೇಕು ಎಂದು ಸಮಾವೇಶದವರು ಬುದ್ಧಿ ಹೇಳಿದ್ದರು. ನನ್ನ ಹತ್ತಿರ ಅಂಥ ವಾಕ್ಯ ಇತ್ತು. ‘ನನಗೆ ಏಳು ವರ್ಷವಿದ್ದಾಗ ನನ್ನ ಚಿಗವ್ವ, ಅಂದರೆ ನಮ್ಮವ್ವನ ತಂಗಿ, ಬೆಟಗೇರಿಯ ಅಜ್ಜನ ಮನೆಯ ಬಾವಿಗೆ ಬಿದ್ದು ಸತ್ತಳು.’

ಪುಸ್ತಕ ನಿಂತದ್ದೇ ಆ ಸಾವಿನ ಮೇಲೆ. ಬೆಟಗೇರಿಯಲ್ಲಿ ಅಜ್ಜನ ಮನೆಯೆಂದರೆ ಮಗ್ಗಗಳ ಮನೆ. ಬೆಳಗಾಗುವುದರೊಳಗೆ ಲಾಳಿಯ ಸದ್ದು ಶುರುವಾದರೆ ದೀಪ ಹಚ್ಚುವ ತನಕ ನಿಲ್ಲುತ್ತಿರಲಿಲ್ಲ. ಅಪ್ಪನಿಗೆ ಮೇಲಿಂದ ಮೇಲೆ ವರ್ಗವಾಗುತ್ತಿದ್ದುದರಿಂದ ನನ್ನನ್ನು ಅಲ್ಲೇ ಬಿಟ್ಟಿದ್ದರು. ಅವ್ವ ಹೋಗಿ ಬಂದು ಮಾಡುತ್ತಿದ್ದಳು. ನನ್ನನ್ನು ಸಾಕಿದವಳು ಚಿಗವ್ವ. ತಲೆ ಬಾಚುವವಳು ಅವಳು, ಉಣ್ಣಿಸುವವಳು ಅವಳು, ಶಾಲೆಗೆ ತಡವಾದರೆ ಬೆನ್ನ ಮೇಲೆ ಹೊತ್ತು ಓಡುವವಳೂ ಅವಳೇ.

ಒಂದು ದಿನ ಮಧ್ಯಾಹ್ನ ಶಾಲೆಯಿಂದ ಬಂದಾಗ ಮಗ್ಗಗಳು ನಿಂತಿದ್ದವು. ಹಿತ್ತಲಲ್ಲಿ ನಾಲ್ಕಾರು ಗಂಡಸರು ಬಾವಿಯ ಸುತ್ತ ನಿಂತು ಪಾತಾಳಗರಡಿ ಇಳಿಬಿಟ್ಟಿದ್ದರು. ಬಾವಿಯಲ್ಲಿ ಬಿದ್ದದ್ದನ್ನು ಎತ್ತುವ ಆ ಕೊಕ್ಕೆಗಳ ಗೊಂಚಲನ್ನು ನಾನು ನೋಡಿದ್ದು ಅದೇ ಮೊದಲು. ಅಜ್ಜಿ ಮೂಲೆಯಲ್ಲಿ ಸೆರಗು ಮುಚ್ಚಿಕೊಂಡು ಕುಳಿತಿದ್ದಳು. ಅಜ್ಜ ಎಲ್ಲರ ತಲೆಯ ಮೇಲೂ ತಣ್ಣೀರು ಹಾಕಿಸಿದ, ನನಗೂ. ಗೋಡೆಯ ಮೇಲಿದ್ದ ಚಿಗವ್ವನ ಫೋಟೋ ಅಂದೇ ಕೆಳಗಿಳಿಯಿತು. ಸಂಜೆ ಅವ್ವ ಬಂದಾಗ ಚಿಗವ್ವ ಎಲ್ಲಿ ಎಂದು ಕೇಳಿದೆ. ಅವಳು ನನ್ನ ಒದ್ದೆ ಕೂದಲು ಒರೆಸುತ್ತ, “ನಿಮ್ಮ ಚಿಗವ್ವ ಹೋದ್ಲವಾ” ಎಂದಳು.

ಮುಂದೆ ಆ ಮನೆಯಲ್ಲಿ ಅವಳ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ಮದುವೆ ಗೊತ್ತಾಗಿದ್ದ ಹುಡುಗಿ ಬಾವಿಗೆ ಬಿದ್ದರೆ ಯಾವ ಮನೆಯಲ್ಲಿ ಬರುತ್ತದೆ? ಹೆಣವನ್ನು ನಾನು ನೋಡಿರಲಿಲ್ಲ; ತಿಥಿ ಇಲ್ಲ, ಎಡೆ ಇಲ್ಲ. ಅದಕ್ಕೂ ನಾನು ದೊಡ್ಡವಳಾದಂತೆ ಕಾರಣ ಹುಡುಕಿಕೊಂಡೆ. ಇವತ್ತಿಗೂ ನನಗೆ ಬಾವಿಯ ಹತ್ತಿರ ಹೋದರೆ ಅಂಗಾಲು ತಣ್ಣಗಾಗುತ್ತದೆ. ಇದನ್ನೆಲ್ಲ ವರ್ಷಗಟ್ಟಲೆ ಕೂತು ಬರೆದೆ. ಕಾದಂಬರಿಯಲ್ಲ, ನಡೆದದ್ದು ನಡೆದ ಹಾಗೆ ಎಂದು ಸಮಾವೇಶದವರಿಗೂ ಹೇಳಿದ್ದೆ. ಅವ್ವನಿಗೆ ಮಾತ್ರ ಒಂದು ಸಾಲನ್ನೂ ಓದಿ ತೋರಿಸಿರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಅವಳು ನಮ್ಮ ಜೊತೆಗೇ ಇದ್ದಾಳೆ. ತಂಗಿಯ ಸಾವನ್ನು ಮತ್ತೆ ಕೆದಕುವುದು ಬೇಡ ಎಂದು ನಾನೇ ಬಿಟ್ಟಿದ್ದೆ.

ಒಂದು ಭಾನುವಾರ ಬೆಳಿಗ್ಗೆ ಗಂಡನನ್ನು ಮಂಚದ ಮೇಲೆ ಕೂರಿಸಿ, ಅವನೇ ಪ್ರಕಾಶಕ ಎಂದುಕೊಂಡು, ಎದುರು ನಿಂತು ಹೇಳಲು ಶುರುಮಾಡಿದೆ. ಅವನು ಫೋನಿನಲ್ಲಿ ಸಮಯ ಹಿಡಿದಿದ್ದ. ಅವ್ವ ಗುಡಿಗೆ ಹೋದವಳು ಇಷ್ಟು ಬೇಗ ಬರುವುದಿಲ್ಲ ಎಂದುಕೊಂಡಿದ್ದೆ. ಅವಳು ಯಾವಾಗ ಬಂದು ಅಡುಗೆಮನೆಯ ಹೊಸ್ತಿಲಲ್ಲಿ ಮೆಂತೆ ಪಲ್ಲೆ ಸೋಸುತ್ತ ಕೂತಳೋ ನನಗೆ ತಿಳಿಯಲಿಲ್ಲ. ನಾನು ಬಾವಿಯ ವಾಕ್ಯ ಮುಗಿಸಿ ಮುಂದಿನದಕ್ಕೆ ಉಸಿರು ತೆಗೆದುಕೊಳ್ಳುತ್ತಿದ್ದೆ.

“ಬಾವಿಗೆ ಯಾರು ಬಿದ್ರು?” ಎಂದು ಕೇಳಿದಳು.

ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. “ಚಿಗವ್ವ” ಎಂದೆ.

“ಆಕಿ ಯಾಕ ಬಾವಿಗೆ ಬೀಳ್ತಾಳ? ಶಿರಹಟ್ಟ್ಯಾಗ ಅದಾಳಲ್ಲ.”

ಗಂಡ ನನ್ನ ಮುಖ ನೋಡಿದ. ನಾನು ಅವ್ವನ ಮುಖ ನೋಡಿದೆ. ಅವಳಿಗೆ ವಯಸ್ಸಾಯಿತು, ಏನೋ ಒಂದಕ್ಕೊಂದು ಕೂಡಿಸುತ್ತಿದ್ದಾಳೆ ಎಂದೇ ನನಗೆ ಮೊದಲು ಅನಿಸಿತು.

“ಯಾರು ಅದಾರ ಶಿರಹಟ್ಟ್ಯಾಗ?”

“ನಿಮ್ಮ ಚಿಗವ್ವ. ಗಂಡನ ಕೂಡ. ಮೋಟಾರ ರಿಪೇರಿ ಅಂಗಡಿ ಐತಿ ಅವರದು.”

“ನೀನ ಹೇಳಿದ್ದಿಯಲ್ಲ, ಹೋದ್ಲು ಅಂತ.”

“ಹೌದು, ಹೋದ್ಲು. ಓಡಿ ಹೋದ್ಲು. ಅಷ್ಟು ಸಣ್ಣ ಹುಡುಗಿಗೆ ಓಡಿ ಹೋದ್ಲು ಅಂತ ಹೇಳ್ಲೇನು? ಹೋದ್ಲು ಅಂದೆ. ಸತ್ಲು ಅಂತ ನಾ ಯಾವಾಗ ಅಂದೆ?”

ನಾನು ಅಲ್ಲೇ ನೆಲದ ಮೇಲೆ ಕೂತೆ. ಒಂದೊಂದಾಗಿ ಕೇಳತೊಡಗಿದೆ, ತಪ್ಪಾದ ಲೆಕ್ಕವನ್ನು ಮೇಲಿನಿಂದ ಮತ್ತೆ ನೋಡುವ ಹಾಗೆ.

“ಬಾವ್ಯಾಗ ಪಾತಾಳಗರಡಿ ಬಿಟ್ಟಿದ್ರು. ನಾನ ನೋಡೀನಿ.”

“ತಾಮ್ರದ ಕೊಡ ಬಿದ್ದಿತ್ತು. ಖಬರ ಬಂದಾಗ ನಿಮ್ಮ ಅಜ್ಜಿ ನೀರು ಸೇದಾಕತ್ತಿದ್ಲು. ಹಗ್ಗ ಕೈಬಿಟ್ಟಳು.”

“ತಲಿ ಮ್ಯಾಲೆ ನೀರು ಹಾಕ್ಸಿದ್ರು.”

“ನಿಮ್ಮ ಅಜ್ಜನ ಹಟ. ನಮ್ಮ ಪಾಲಿಗೆ ಆಕಿ ಸತ್ಲು, ಎಲ್ಲಾರೂ ನೀರು ಹಾಕ್ಕೋರಿ ಅಂದ. ಇನ್ನ ಈ ಮನ್ಯಾಗ ಆಕಿ ಹೆಸರು ಬರಬಾರದು ಅಂತ ನಮ್ಮೆಲ್ಲರ ಕಡೆ ಆಣಿ ಇಡಿಸಿದ.”

ಮಂಚದ ಮೇಲಿದ್ದ ಫೋನು ಐದು ನಿಮಿಷವಾಯಿತೆಂದು ಕೂಗಿತು. ಗಂಡ ಅದನ್ನು ಆರಿಸಿದ.

ಆಮೇಲೆ ಬಂದ ಪೆಟ್ಟು ಇನ್ನೂ ದೊಡ್ಡದು. ಅವ್ವ ವರ್ಷಕ್ಕೊಮ್ಮೆ ಶ್ರಾವಣದಲ್ಲಿ ಲಕ್ಷ್ಮೇಶ್ವರದ ಸೋಮೇಶ್ವರ ಗುಡಿಗೆ ಹೋಗುತ್ತಿದ್ದಳು. ಹರಕೆ ಇದೆ, ಒಬ್ಬಳೇ ಹೋಗಬೇಕು ಎನ್ನುತ್ತಿದ್ದಳು. ಎಷ್ಟೋ ಸಲ ನಾನೇ ಸ್ಕೂಟಿಯ ಮೇಲೆ ಅವಳನ್ನು ಬಸ್ ನಿಲ್ದಾಣಕ್ಕೆ ಬಿಟ್ಟು ಬಂದಿದ್ದೆ. ಅಲ್ಲಿ ಗುಡಿಯ ಅಂಗಳದಲ್ಲಿ ಅಕ್ಕ ತಂಗಿ ಭೇಟಿಯಾಗಿ, ಬುತ್ತಿ ಬಿಚ್ಚಿ ಉಂಡು, ಸಂಜೆಯ ಬಸ್ಸಿಗೆ ಒಬ್ಬಳು ಈ ಕಡೆ ಒಬ್ಬಳು ಆ ಕಡೆ ಹೋಗುತ್ತಿದ್ದರಂತೆ. ಅವ್ವನ ಫೋನಿನಲ್ಲಿ ‘ಲಕ್ಷ್ಮೇಶ್ವರ ಬಳೆ ಅಂಗಡಿ’ ಎಂಬ ನಂಬರಿತ್ತು. ಅವಳು ಹೇಳಿದ ಹಾಗೆ ಆ ಹೆಸರನ್ನು ಅದರಲ್ಲಿ ಹಾಕಿಕೊಟ್ಟವಳು ನಾನು. ಈಗ ಅವಳು ಅದನ್ನೇ ಒತ್ತಿ ಫೋನು ನನ್ನ ಕೈಗೆ ಕೊಟ್ಟಳು.

ಆ ಕಡೆಯಿಂದ “ಅಕ್ಕಾ, ಹೇಳು” ಎಂಬ ದನಿ ಬಂತು. ಅದು ಸತ್ತುಹೋದ ನನ್ನ ಅಜ್ಜಿಯ ದನಿ. ಅದೇ ಒಡಕು, ಅದೇ ಏರು. ಫೋನನ್ನು ಅವ್ವನಿಗೆ ಹಿಂದಿರುಗಿಸಿದೆ.

ಆ ದಿನವಿಡೀ ನನಗೆ ಸಂತೋಷವಾಗಲಿಲ್ಲ. ಸತ್ತವಳು ಬದುಕಿದ್ದಾಳೆಂದರೆ ಆಗಬೇಕಲ್ಲವೇ? ಅವ್ವನ ಮೇಲೆ ಸಿಟ್ಟು ಬಂತು. ಅಜ್ಜ ಹೋಗಿ ಎಷ್ಟು ವರ್ಷವಾಯಿತು, ಆಣೆಯೂ ಅವನ ಜೊತೆಗೇ ಹೋಗಲಿಲ್ಲವೇ ಎಂದು ಜಗಳಾಡಿದೆ.

“ನಿಮ್ಮ ಮಾವ ಇದ್ದಾನಲ್ಲ” ಎಂದಳು ಅವ್ವ. ಅವಳ ಅಣ್ಣ, ನನ್ನ ಸೋದರಮಾವ, ಬೆಟಗೇರಿಯಲ್ಲಿ ಈಗಲೂ ಸೀರೆ ಅಂಗಡಿ ನಡೆಸುತ್ತಾನೆ. “ಅವಂಗ ಗೊತ್ತಾದ್ರ ನನ್ನೂ ಬಿಡ್ತಿದ್ದ. ಆಮ್ಯಾಲೆ ರೂಢಿ ಆಗಿಬಿಡ್ತು ನೋಡು. ನೀನೂ ಎಂದೂ ಕೇಳಲಿಲ್ಲ.”

ಅದು ಖರೆ. ನಾನು ಒಮ್ಮೆಯೂ ಕೇಳಿರಲಿಲ್ಲ.

ಮುಂದಿನ ಭಾನುವಾರ ಅವ್ವನ ಜೊತೆ ಶಿರಹಟ್ಟಿಯ ಬಸ್ಸು ಹತ್ತಿದೆ. ಸಮಾವೇಶಕ್ಕೆ ವಾರವಷ್ಟೇ ಉಳಿದಿತ್ತು. ಕಂಡಕ್ಟರು ನಮ್ಮಿಬ್ಬರ ಆಧಾರ್ ಕಾರ್ಡು ನೋಡಿ ಶೂನ್ಯದ ಟಿಕೆಟ್ ಹರಿದುಕೊಟ್ಟ. ಮುಳಗುಂದ ದಾಟಿದ ಮೇಲೆ ಎರಡೂ ಕಡೆ ಕಪ್ಪು ಹೊಲ, ಮೊಣಕಾಲೆತ್ತರದ ಕಡಲೆ, ದೂರದಲ್ಲಿ ಕಪ್ಪತಗುಡ್ಡದ ಸಾಲು, ಅದರ ಮೇಲೆ ತಿರುಗುವ ಗಾಳಿಯಂತ್ರಗಳು. ಇದೇ ದಾರಿಯಲ್ಲಿ ಮದುವೆಗೆ, ಚುನಾವಣೆಯ ಕೆಲಸಕ್ಕೆ, ಪರೀಕ್ಷೆಯ ಕೆಲಸಕ್ಕೆ ಎಷ್ಟು ಸಲ ಓಡಾಡಿದ್ದೆನೋ. ಒಂದು ಗಂಟೆ ಕೂಡ ಹಿಡಿಯದ ದಾರಿ. ಅವಳು ಸಂತೆಯಲ್ಲಿ ಎದುರಿಗೇ ಬಂದು ನಿಂತಿದ್ದರೂ ನನಗೆ ಗೊತ್ತಾಗುತ್ತಿರಲಿಲ್ಲ.

ಅಂಗಡಿ ಮುಂದೆ, ಮನೆ ಹಿಂದೆ. ಅಂಗಡಿಯಲ್ಲಿ ತಲೆ ಬೆಳ್ಳಗಾದ ಒಬ್ಬರು ಮೋಟಾರಿಗೆ ತಾಮ್ರದ ತಂತಿ ಸುತ್ತುತ್ತಿದ್ದರು. ನಮ್ಮನ್ನು ಕಂಡು ಎದ್ದು ಕೈ ಒರೆಸಿಕೊಂಡು “ಬರ್ರಿ” ಎಂದರು. ಆಮೇಲೆ ಬಜಾರಕ್ಕೆ ಹೋಗಿ ಬರುತ್ತೇನೆಂದು ಹೊರಟವರು ನಾವು ಏಳುವ ತನಕ ಬರಲಿಲ್ಲ. ಬೆಟಗೇರಿಗೆ ಹೊಸದಾಗಿ ಕರೆಂಟಿನ ಮಗ್ಗಗಳು ಬಂದಾಗ ಮೋಟಾರು ಕೂಡಿಸಲು ಲಕ್ಷ್ಮೇಶ್ವರದಿಂದ ಬರುತ್ತಿದ್ದ ಹುಡುಗ, ಚಿಗವ್ವನ ಗಂಡ, ಇವರೇ. ಬೇರೆ ಜಾತಿಯವರು.

ಒಳಬಾಗಿಲಲ್ಲಿ ಚಿಗವ್ವ ನಿಂತಿದ್ದಳು. ನನ್ನ ಪುಸ್ತಕದಲ್ಲಿ ಅವಳು ಎರಡು ಜಡೆಯ, ತೆಳ್ಳಗಿನ, ಓಡುತ್ತಲೇ ಇರುವ ಹುಡುಗಿ. ಇವಳು ದಪ್ಪಗೆ, ಕನ್ನಡಕ ಹಾಕಿಕೊಂಡು, ಮೊಣಕಾಲು ನೋವಿಗೆ ಗೋಡೆ ಹಿಡಿದು ನಿಂತ ಅರವತ್ತರ ಹೆಂಗಸು. ನಾನು ಅಳುತ್ತೇನೆ, ಅವಳು ಅಳುತ್ತಾಳೆ ಎಂದೆಲ್ಲ ಬಸ್ಸಿನಲ್ಲಿ ಯೋಚಿಸಿದ್ದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಚಪ್ಪಲಿ ಹೊರಗ ಬಿಡಬ್ಯಾಡ, ನಾಯಿ ಒಯ್ತತಿ” ಎಂದಳು.

ಒಳಗೆ ಕೂತೆವು. ಅವಳು ಚುರಮುರಿ, ಮಿರ್ಚಿ ತಂದಿಟ್ಟಳು. ಅವ್ವ ಫೋನಿನಲ್ಲೇ ಎಲ್ಲ ಹೇಳಿದ್ದಳೆಂದು ಕಾಣುತ್ತದೆ.

“ಪುಸ್ತಕದಾಗ ನನ್ನ ಸಾಯಿಸೀಯಂತ?”

ನಾನು ತಲೆ ತಗ್ಗಿಸಿದೆ.

“ಹೆಂಗ ಸಾಯಿಸೀದಿ, ಓದು. ಯಾರಿಗೆ ಸಿಗತೈತಿ ಇಂಥಾ ಭಾಗ್ಯ.”

ಬೇಡವೆಂದರೂ ಬಿಡಲಿಲ್ಲ. ಫೋನಿನಲ್ಲಿದ್ದ ಆ ಅಧ್ಯಾಯ ತೆಗೆದು ಓದತೊಡಗಿದೆ. ಬದುಕಿದ್ದವಳ ಎದುರಿಗೆ ಕೂತು ಅವಳ ಸಾವನ್ನು ಓದುವಾಗ ನನ್ನ ದನಿ ನನಗೇ ಬೇರೆಯವರದು ಅನಿಸುತ್ತಿತ್ತು. ಮೊದಮೊದಲು ಅವಳು ನಗುತ್ತಿದ್ದಳು. ಬಾವಿಗೆ ಬಿದ್ದಲ್ಲಿ ತಡೆದು, “ಅಲ್ಲಲೇ, ನನಗ ಈಸು ಬರ್ತಿತ್ತು. ಓಣ್ಯಾಗಿನ ಹುಡುಗರಿಗೆಲ್ಲ ಈಸು ಕಲಿಸಿದಾಕಿ ನಾನು. ಬಿದ್ದಿದ್ರೂ ಎದ್ದು ಬರ್ತಿದ್ದೆ” ಎಂದಳು. ಅವ್ವನೂ ನಕ್ಕಳು.

ಮುಂದೆ ಅವಳ ಸೀರೆಯ ಮಾತು ಬರುತ್ತದೆ. ಅವಳು ನೇಯುತ್ತಿದ್ದ ಸೀರೆ ಮಗ್ಗದ ಮೇಲೆ ಅರ್ಧಕ್ಕೇ ನಿಂತಿತ್ತು. ಅಜ್ಜ ಅದನ್ನು ಕುಡುಗೋಲಿನಿಂದ ಕೊಯ್ದು ಹಿತ್ತಲಿಗೆ ಎಸೆದ. ನಾನು ಅದರ ಅಂಚಿನ ಒಂದು ತುಂಡು ಎತ್ತಿಕೊಂಡು ಬಂದು ನೂಲಿನ ಕೋಣೆಯಲ್ಲಿ ಬಚ್ಚಿಟ್ಟೆ. ದಿನವೂ ಅಲ್ಲಿ ಹೋಗಿ ಅದನ್ನು ಮುಖಕ್ಕೆ ಒತ್ತಿಕೊಂಡು, ಯಾರಿಗೂ ಕೇಳದ ಹಾಗೆ ಅಳುತ್ತಿದ್ದೆ. ಅದು ಎಳೆ ಎಳೆಯಾಗಿ ಸವೆಯುವ ತನಕ. ಇಷ್ಟು ಓದಿ ತಲೆ ಎತ್ತಿದೆ. ಚಿಗವ್ವ ನಗುತ್ತಿರಲಿಲ್ಲ.

“ಕೊಯ್ದು ಹಾಕಿದನಾ?” ಎಂದಳು.

“ಹೂಂ.”

“ಯಾವ ಬಣ್ಣ ಇತ್ತು ನೆನಪೈತಿ?”

“ಹಸಿರು. ಕೆಂಪಂಚು.”

“ಹೌದು. ಮುಗಿಸಿ ಹೋಗಬೇಕಂತ ಮಾಡಿದ್ದೆ. ಒಂದೆರಡು ಮೊಳ ಉಳಿದಿತ್ತು ಅಷ್ಟ. ಅಷ್ಟರಾಗ ಮುಂಡರಗಿಯಿಂದ ಗಂಡಿನವರು ಉಡಿ ತುಂಬಾಕ ಬರೋದು ಗೊತ್ತಾತು. ಜಲ್ದಿ ಹೊಂಡಬೇಕಾತು.” ಹಾಗೆಂದವಳು ನನ್ನ ಕಡೆ ತಿರುಗಿ ಕೇಳಿದಳು. “ನೀ ಅಳತಿದ್ದದ್ದು ಖರೆನ? ಏನ ಪುಸ್ತಕಕ್ಕಂತ ಬರದಿ?”

“ಖರೆ.”

ಅವಳು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು. ಒರೆಸುತ್ತಲೇ ಇದ್ದಳು.

“ನನಗ ಯಾರೂ ಅಳಲಿಲ್ಲಂತ ತಿಳಕೊಂಡಿದ್ದೆ. ನಿಮ್ಮವ್ವನ್ನ ಭೆಟ್ಟಿ ಆದಾಗೆಲ್ಲ ಕೇಳ್ತಿದ್ದೆ, ಮನ್ಯಾಗ ನನ್ನ ಯಾರರ ನೆನಸ್ತಾರೇನು ಅಂತ. ಇಲ್ಲ ಅಂತಿದ್ಲು.”

ನಾನು ಅವ್ವನ ಕಡೆ ತಿರುಗಿದೆ. ಅವಳ ಕೈಯಲ್ಲಿ ಮಿರ್ಚಿ ಹಾಗೇ ಇತ್ತು. “ಯಾರೂ ಬಾಯಿಬಿಟ್ಟು ನೆನಸ್ತಿರಲಿಲ್ಲ” ಎಂದಳು. “ಇದ್ದದ್ದು ಇದ್ದಂಗ ಹೇಳಿದೆ. ಈಕಿ ನೂಲಿನ ಖೋಲ್ಯಾಗ ಕುಂತು ಅಳೂದು ನನಗೆಲ್ಲಿ ಗೊತ್ತಿತ್ತು.”

ಹೊರಗೆ ಯಾರೋ ಅಂಗಡಿಯ ಮುಂದೆ ನಿಂತು ಮೋಟಾರು ಆಯಿತೇ ಎಂದು ಕೇಳಿ, ಉತ್ತರ ಬಾರದೆ ಹೋದರು.

ಹೊರಡುವಾಗ ಬಾಗಿಲ ತನಕ ಬಂದು ಅವಳು ಹೇಳಿದಳು. “ಅವತ್ತು ಹೋಗುವಾಗ ನೀ ಸಾಲಿ ಮುಂದ ಆಡಾಕತ್ತಿದ್ದಿ. ನೋಡಿದೆ. ಮಾತಾಡಸಲಿಲ್ಲ. ಮಾತಾಡಿಸಿದ್ರ ‘ಬರ್ತೀನಿ’ ಅಂತ ಹೇಳಿ ಹೋಗಬೇಕಾಗ್ತಿತ್ತು. ಸುಳ್ಳು ಹೇಳಬಾರದು ಅನಿಸ್ತು.”

ನಾನು ಪುಸ್ತಕದ ಮಾತೆತ್ತಿದೆ. ಇಡಬೇಕೋ ಬಿಡಬೇಕೋ ಎಂದು ಕೇಳಿದೆ.

“ಸತ್ತದ್ದು ತಗಿ” ಎಂದಳು. “ಅತ್ತದ್ದು ಇರಲಿ. ಉಳಿದದ್ದು ಬರಿಯೂಮುಂದ ನನ್ನ ಕೇಳಿ ಬರಿ.”

ಆ ವಾರ ಮನೆಯಲ್ಲಿ ಎಲ್ಲರೂ ಒಂದೊಂದು ದಾರಿ ಹೇಳಿದರು. ಕಾದಂಬರಿ ಎಂದು ಕರೆದುಬಿಡು, ಒಂದಕ್ಷರವನ್ನೂ ತಿದ್ದಬೇಕಿಲ್ಲ ಎಂದ ಗಂಡ. ಈ ಸಲ ಹೋಗಲೇ ಬೇಡ ಎಂದಳು ಅವ್ವ. ನಾನು ಕಾಗದ ತೆಗೆದುಕೊಂಡು ಐದು ನಿಮಿಷದ ಮಾತನ್ನು ಹೊಸದಾಗಿ ಬರೆಯಲು ಕೂತರೆ ಮೊದಲ ವಾಕ್ಯವೇ ಬರುತ್ತಿರಲಿಲ್ಲ. ಹಳೆಯದು ಅಷ್ಟು ಗಟ್ಟಿಯಾಗಿ ಕೂತಿತ್ತು. ತರಗತಿಯಲ್ಲಿ ಒಮ್ಮೆ ಹಲಗೆಯ ಮುಂದೆ ಸೀಮೆಸುಣ್ಣ ಹಿಡಿದು, ಮುಂದೇನು ಬರೆಯಬೇಕೆಂದು ಮರೆತು ನಿಂತಿದ್ದೆ. ಟೀಚರ್ ಆರಾಮಿಲ್ಲೇನ್ರಿ ಎಂದು ಒಬ್ಬ ಹುಡುಗಿ ಕೇಳಿದಳು.

ಸಮಾವೇಶದ ದಿನ ನಮ್ಮವರೇ ನೇಯ್ದ ಬೆಟಗೇರಿ ಸೀರೆ ಉಟ್ಟು ಹೋದೆ. ಸಭಾಭವನದ ಪಕ್ಕದ ಕೋಣೆಯಲ್ಲಿ ಮೇಜಿನ ಹಿಂದೆ ಇಬ್ಬರು ಕೂತಿದ್ದರು. ಒಬ್ಬರು ಬೆಂಗಳೂರಿನ ಕಡೆಯ ಪ್ರಕಾಶಕರು. ಇನ್ನೊಬ್ಬರು ಧಾರವಾಡದ ಕಡೆಯ ಮಹಿಳೆ, ಅವರದೂ ಸಣ್ಣದೊಂದು ಪ್ರಕಾಶನ. ಕುಳಿತುಕೊಳ್ಳಿ ಎಂದರು. ನಾನು ನಿಂತೇ ಶುರುಮಾಡಿದೆ. ಬಾಯಿಪಾಠ ಆಗಿದ್ದ ವಾಕ್ಯ ತಾನಾಗಿ ಬಂತು. ಏಳು ವರ್ಷ, ಚಿಗವ್ವ, ಬಾವಿ, ಸತ್ತಳು.

ಇಬ್ಬರೂ ಮುಂದಕ್ಕೆ ಬಾಗಿದರು. ಹಿಡಿದು ನಿಲ್ಲಿಸುವುದೆಂದರೆ ಇದೇ ಎಂದು ನನಗೆ ಕಂಡಿತು.

“ಇದು ನಿಜವಲ್ಲ” ಎಂದೆ. “ನಿಜ ಅಂತಲೇ ಬರೆದಿದ್ದೆ. ಮೊನ್ನೆ ಮೊನ್ನೆ ಗೊತ್ತಾಯಿತು. ಅವಳು ಬದುಕಿದ್ದಾಳೆ. ಹೋದ ಭಾನುವಾರ ಅವಳ ಮನೆಯಲ್ಲಿ ಮಿರ್ಚಿ ತಿಂದು ಬಂದೆ.”

ಮುಂದೆ ಏನು ಹೇಳಿದೆನೋ ಕ್ರಮವಾಗಿ ನೆನಪಿಲ್ಲ. ಕೊಡ, ಕೊಕ್ಕೆ, ತಣ್ಣೀರು, ಹಸಿರು ಸೀರೆ ಎಲ್ಲ ಹಿಂದುಮುಂದಾಗಿ ಬಂದವು. ಸಮಯವಾಯಿತೆಂದು ಬಾಗಿಲಲ್ಲಿ ನಿಂತವರು ಕೈಸನ್ನೆ ಮಾಡಿದರು.

ಬೆಂಗಳೂರಿನವರು ಸಮಾಧಾನವಾಗಿಯೇ ಹೇಳಿದರು. “ಮೇಡಂ, ಮೊದಲು ಹೇಳಿದ್ದೇ ಚೆನ್ನಾಗಿತ್ತು. ಸಾವು ಇದ್ದರೆ ಪುಸ್ತಕಕ್ಕೆ ತೂಕ. ಬದುಕಿದ್ದಾರೆ ಅನ್ನೋದನ್ನ ಬಿಟ್ಟುಬಿಡಿ, ಅವರಿಗೇನು ನಷ್ಟ? ಹಾಗೇ ಕಳಿಸಿದರೆ ನಾನು ಓದುತ್ತೇನೆ.”

ಎರಡು ವಾರದಿಂದ ಒಂದರ ಮೇಲೊಂದು ಪೆಟ್ಟು ತಿಂದಿದ್ದೆ. ಇನ್ನೇನೂ ನನ್ನನ್ನು ಅಲುಗಾಡಿಸಲಾರದು ಎಂದುಕೊಂಡಿದ್ದೆ. ಈ ಮಾತು ಅಲುಗಾಡಿಸಿತು. ಅವರು ಕೆಟ್ಟವರೇನಲ್ಲ. ಇಷ್ಟು ಮೆತ್ತಗೆ, ಇಷ್ಟು ಸಹಜವಾಗಿ ಅವಳನ್ನು ಮತ್ತೊಮ್ಮೆ ಇಲ್ಲವಾಗಿಸಬಹುದು ಎಂಬುದೇ ನನಗೆ ಹೊಸದು. “ಆಗೂದಿಲ್ರಿ” ಎಂದಷ್ಟೇ ಹೇಳಿದೆ.

ಧಾರವಾಡದ ಮಹಿಳೆ ಅಲ್ಲಿಯ ತನಕ ಮಾತಾಡಿರಲಿಲ್ಲ. “ನಿಮ್ಮ ಪುಸ್ತಕ ಇನ್ನೂ ಬರದಿಲ್ರಿ ನೀವು” ಎಂದರು. “ಬರದ ಮ್ಯಾಲೆ ತರ್ರಿ. ಗಡಿಬಿಡಿ ಇಲ್ಲ.” ಮಾತು ಕೊಟ್ಟಂತೆಯೂ ಅಲ್ಲ, ಕೈಬಿಟ್ಟಂತೆಯೂ ಅಲ್ಲ. ಹೊರಗೆ ಬಂದು ನೀರು ಕುಡಿದು ಮನೆಗೆ ಹೋದೆ.

ಈಗ ಆ ಪುಸ್ತಕವನ್ನು ಮತ್ತೆ ಬರೆಯುತ್ತಿದ್ದೇನೆ. ಬಿಡುವಾದ ಭಾನುವಾರಗಳಲ್ಲಿ ಶಿರಹಟ್ಟಿಗೆ ಹೋಗಿ ಓದಿ ತೋರಿಸುತ್ತೇನೆ. ಸಲೀಸಾಗಿ ಸಾಗುತ್ತಿಲ್ಲ. ಅವ್ವ ಒಂದು ಹೇಳಿದರೆ ಚಿಗವ್ವ ಇನ್ನೊಂದು ಹೇಳುತ್ತಾಳೆ. ಅಜ್ಜ ಅವಳನ್ನು ಹುಡುಕಿಸಿದ ಎಂದು ಅವ್ವ, ಇಲ್ಲವೇ ಇಲ್ಲ ಎಂದು ಅವಳು. ಎರಡನ್ನೂ ಬರೆದಿಟ್ಟಿದ್ದೇನೆ. ಕೆಲವು ಕಡೆ ‘ಇದು ಬ್ಯಾಡ’ ಎಂದಳು. ತೆಗೆದೆ. ಹಳೆಯ ಪುಸ್ತಕದಷ್ಟು ಇದು ಚೆಂದ ಬರುತ್ತದೆಯೋ ಇಲ್ಲವೋ ತಿಳಿಯದು.

ಕಳೆದ ತಿಂಗಳು ಚಿಗವ್ವ ಮೊದಲ ಸಲ ನಮ್ಮ ಮನೆಗೆ ಬಂದಳು. ಎಲ್ಲಿ ಕೂರಬೇಕೆಂದು ತಿಳಿಯದೆ ಬಹಳ ಹೊತ್ತು ಚೀಲ ಹಿಡಿದು ನಿಂತೇ ಇದ್ದಳು. ಊಟಕ್ಕೆ ತಾಟು ಹಾಕುವ ಹೊತ್ತಿಗೆ ಮಾವ ಬಂದ. ನಾವು ಯಾರೂ ಕರೆದಿರಲಿಲ್ಲ; ಮೊಮ್ಮಗಳ ಮೊದಲ ಕೂದಲು ತೆಗೆಸುವ ಜವಳದ ಕರೆ ಹೇಳಲು ಬಂದಿದ್ದ. ಬಾಗಿಲಲ್ಲಿ ಅವನು ನಿಂತ, ಅಡುಗೆಮನೆಯ ಬಾಗಿಲಲ್ಲಿ ಅವಳು ನಿಂತಳು. ಅವ್ವ ನನ್ನ ಕೈ ಹಿಡಿದುಕೊಂಡಳು. ಅವನು ತಿರುಗಿ ಹೋಗುತ್ತಾನೆ ಎಂದೇ ನಾನು ನಂಬಿದ್ದೆ.

ಮಾವ ಚಪ್ಪಲಿ ಬಿಟ್ಟು ಒಳಗೆ ಬಂದು ಕುರ್ಚಿಯಲ್ಲಿ ಕೂತ. ಚಿಗವ್ವ ಒಳಗೆ ಹೋಗಿ ಒಂದು ತಂಬಿಗೆ ನೀರು ತಂದು ಅವನ ಮುಂದೆ ಇಟ್ಟಳು. ಅವನು ಕುಡಿದು, ತಂಬಿಗೆ ಕೆಳಗಿಟ್ಟು, ನೆಲ ನೋಡುತ್ತ ಕೇಳಿದ.

“ಬಸ್ಸಿಗೆ ಬಂದ್ಯಾ?”

“ಹೂಂ, ಬಸ್ಸಿಗೆ” ಎಂದಳು ಚಿಗವ್ವ.

“ಕುಂಡ್ರಾಕ ಜಾಗಾ ಸಿಕ್ಕಿತ್ತಾ?”

“ಮುಳಗುಂದದ ತನಕ ನಿಂತ ಬಂದೆ. ಆಮ್ಯಾಲೆ ಸಿಕ್ತು.”

ಅವ್ವ ಒಳಗೆ ಹೋಗಿ ಇನ್ನೊಂದು ತಾಟು ಹಾಕಿದಳು.